ಉಪ್ಪೆಸರು ಮತ್ತು ಜವರ ನೆಟ್

ಅವ್ವನ ಉಪ್ಪೆಸರು ಸಪ್ಪೆಯಾದ ದಿನ ನಾನು ಮೂರು ಜನರ ಕಾಲರ್ ಹಿಡಿದೆ. ಮೂವರಲ್ಲಿ ಒಬ್ಬನ ಹತ್ತಿರವೂ ಫೋನೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅದಕ್ಕೂ ನನಗೆ ಸಿಟ್ಟೇ ಬಂತು. ಫೋನ್ ಇಲ್ಲದವನು ನಮ್ಮ ಮನೆ ಮುಂದೆ ನಿಂತು ಬಾಯಿ ಚಪ್ಪರಿಸಬಾರದು, ಅಷ್ಟೇ.

ನಮ್ಮೂರಲ್ಲಿ ಬಾಯಿ ಚಪ್ಪರಿಸೋದು ಸಣ್ಣ ವಿಷಯ ಅಲ್ಲ. ಒಂದು ಮನೆಯ ವೈಫೈಗೆ ಹೊರಗಿನವರು ಅಂಟಿಕೊಂಡರೆ ಆ ಮನೆಯ ಅಡುಗೆ ರುಚಿ ಅವರ ನಾಲಿಗೆಗೆ ಹೋಗುತ್ತೆ. ಒಬ್ಬ ಅಂಟಿಕೊಂಡರೆ ಚಿಟಿಕೆಯಷ್ಟು ಉಪ್ಪು ಹೋದ ಹಾಗೆ. ನಾಲ್ಕು ಜನ ಸೇರಿದರೆ ಒಗ್ಗರಣೆಯೇ ಹೋಗುತ್ತೆ. ರಸ್ತೆಯಲ್ಲಿ ಮೊಬೈಲ್ ನೋಡ್ತಾ ತುಟಿ ನೆಕ್ಕಿಕೊಳ್ಳುವವನು ಕಂಡರೆ, ಯಾರದೋ ಮನೆ ಸಾರು ಹೋಯಿತು ಅಂತ ಲೆಕ್ಕ. ಪ್ಲಗ್ ಕಿತ್ತಿಟ್ಟರೆ ಸರಿಹೋಗುತ್ತೆ ಅಂತ ಎಷ್ಟೋ ಮನೆಯವರು ಕಿತ್ತು ನೋಡಿದ್ದಾರೆ. ಹೋದ ರುಚಿ ಹಾಗೆಲ್ಲ ವಾಪಸ್ ಬರಲ್ಲ. ಅಂಟಿಕೊಂಡವರು ಬಿಟ್ಟು ಬೇರೆ ಮನೆಯದಕ್ಕೆ ಅಂಟಿಕೊಂಡಾಗಲೇ ಅದು ಬರೋದು. ಹಾಗಾಗಿ ಇಲ್ಲಿ ಯಾರೂ ಯಾರನ್ನೂ ಸುಮ್ಮನೆ ಪಾಸ್‌ವರ್ಡ್ ಕೇಳಲ್ಲ. ಕೇಳಬೇಕಾದರೆ ಒಂದು ಹಿಡಿ ಉಪ್ಪನ್ನು ಪೇಪರಲ್ಲಿ ಕಟ್ಟಿಕೊಂಡು ಹೋಗಬೇಕು. ಮನೆಯವರು ಅದನ್ನು ತೆಗೆದುಕೊಂಡು ಭರಣಿಗೆ ಹಾಕಿದರೆ ಪಾಸ್‌ವರ್ಡ್ ಕೊಟ್ಟ ಹಾಗೆ. "ನಮ್ಮನೇಲಿ ಉಪ್ಪಿದೆ ಬಿಡಿ" ಅಂದರೆ ಕೊಡಲ್ಲ ಅಂತ. ಇದರ ಮೇಲೆ ಮಾತು ಬೆಳೆಸುವ ಹಾಗಿಲ್ಲ.

ನಮ್ಮ ಮನೆ ಊಟದ ಮನೆ. 'ದೇವೀರಮ್ಮನ ಮುದ್ದೆ ಮನೆ' ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದವರಿಗೆ ಯಾರು ಬೇಕಾದರೂ ದಾರಿ ತೋರಿಸ್ತಾರೆ. ಅವ್ವ ಮಾಡೋದು ಮುದ್ದೆ, ಅನ್ನ, ಸೊಪ್ಪು ಕಾಳು ಬೇಯಿಸಿ ಬಸಿದ ಉಪ್ಪೆಸರು, ಅದರ ಮೇಲೆ ನಂಜಿಕೊಳ್ಳೋಕೆ ಬೆಳ್ಳುಳ್ಳಿ ಜೀರಿಗೆ ಹಾಕಿ ಅರೆದ ಖಾರ. ಇಷ್ಟೇ. ಇಂಗು, ಬೆಲ್ಲ, ಕೊಬ್ಬರಿ ಇವು ಯಾವುದನ್ನೂ ಅವ್ವ ಒಲೆ ಹತ್ತಿರ ಸೇರಿಸಲ್ಲ. ಉಪ್ಪೆಸರು ಸಪ್ಪೆಯಾದರೆ ಅದರಲ್ಲಿ ಇನ್ನೇನು ಉಳೀತು, ನೀವೇ ಹೇಳಿ. ಬಿಸಿನೀರಲ್ಲಿ ಹುರುಳಿಕಾಳು ಈಜಾಡ್ತಾ ಇರುತ್ತೆ.

ಸಪ್ಪೆಯಾಗಿದ್ದೂ ಎಂಥ ಹೊತ್ತಿನಲ್ಲಿ ಅಂದರೆ, ಬಸ್ ಡಿಪೋದ ಮಧ್ಯಾಹ್ನದ ಊಟದ ಗುತ್ತಿಗೆ ನಮಗೆ ಬರುವುದರಲ್ಲಿತ್ತು. ಡ್ರೈವರು, ಕಂಡಕ್ಟರು, ಗ್ಯಾರೇಜಿನವರು ಎಲ್ಲರ ಊಟ. ಅವ್ವ ಒಲೆ ಮುಂದೆ ಕೂತು ಕೂತು ಬೆನ್ನು ಬಗ್ಗಿಸಿಕೊಂಡಿದ್ದು ಇದೊಂದು ದಿನಕ್ಕೆ ಅನ್ನೋ ಹಾಗೆ ಓಡಾಡ್ತಿದ್ದಳು. ಮ್ಯಾನೇಜರ್ ಫಕ್ರುದ್ದೀನ್ ಸಾಹೇಬರು ಭಾನುವಾರ ಮಧ್ಯಾಹ್ನ ಬಂದು ಉಂಡು ನೋಡ್ತೀನಿ ಅಂದಿದ್ದರು. ಅವರು ಖುಷಿಯಾದರೆ ಬಾಯಲ್ಲಿ ಹೇಳಲ್ಲವಂತೆ, ಜೇಬಿನಿಂದ ಉಪ್ಪಿನ ಪೊಟ್ಟಣ ತೆಗೆದು ಊಟದ ಪಕ್ಕ ಇಡ್ತಾರಂತೆ. ಇಡದೆ ಹೋದರೆ ಕೈ ತೊಳೆದು ಹೊರಡ್ತಾರೆ. ಬಸ್ ಸ್ಟ್ಯಾಂಡ್ ಆಚೆ ಕಡೆಯ ಹೋಟೆಲಿನವರು ಆಗಲೇ ಹೊಸ ಪಾತ್ರೆ ತಂದು ಜೋಡಿಸಿಕೊಂಡಿದ್ದರು.

"ಯಾರೋ ಅಂಟಿಕೊಂಡವ್ರೆ ಕಣೋ ಮರಿ," ಅಂದಳು ಅವ್ವ, ಸೌಟು ನೆಕ್ಕಿ. "ಬೆಳ್ಳುಳ್ಳಿ ಇದೆ, ಉಪ್ಪು ಇಲ್ಲ. ಮೊನ್ನೆಯಿಂದ ಹಾಕ್ತಾನೇ ಇದೀನಿ. ಭರಣಿ ಖಾಲಿಯಾಯ್ತು, ಸಾರು ಹಾಗೇ ಇದೆ."

"ಯಾರು ಅಂತ ಹೇಳು, ಕಾಲು ಮುರೀತೀನಿ."

"ಕಾಲು ಮುರಿದ್ರೆ ಉಪ್ಪು ಬರುತ್ತಾ? ಆ ಕಂಪ್ಯೂಟರ್ ಮುಂದೆ ಇಡೀ ದಿನ ಕೂತಿರ್ತೀಯಲ್ಲ, ಅದರಲ್ಲಿ ಏನಾದ್ರೂ ಮಾಡು."

ನನ್ನ ಕಂಪ್ಯೂಟರ್ ಮುಚ್ಚಿಹೋದ ಬ್ರೌಸಿಂಗ್ ಸೆಂಟರಿನದು. ಕೀಲಿಮಣೆಯ ಮೇಲೆ ಅಕ್ಷರಗಳು ಅಳಿಸಿಹೋಗಿವೆ. ಊರಿನ ಅರ್ಧ ಜನ ತಮ್ಮ ಅರ್ಜಿಗಳನ್ನು ಅದರ ಮೇಲೇ ಕುಟ್ಟಿರಬೇಕು. ಬೀದಿ ಕಡೆಯ ಕೋಣೆಯಲ್ಲಿ, ಪಕ್ಕದ ಮನೆ ಗೋಡೆಗೆ ಒತ್ತಿದ ಹಾಗೆ ಇಟ್ಟುಕೊಂಡಿದ್ದೆ. ಅದರಲ್ಲಿ ಊಟದ ಆರ್ಡರ್ ನೋಡ್ತೀನಿ, ಉಳಿದ ಹೊತ್ತು ಕ್ರಿಕೆಟ್. ಅದರ ಮುಂದೆ ಕೂತಾಗಲೆಲ್ಲ ನನ್ನ ಬಾಯಲ್ಲಿ ಒಂಥರಾ ಇಂಗಿನ ರುಚಿ ಬರೋದು. ಬ್ರೌಸಿಂಗ್ ಸೆಂಟರಿನವನು ಚಕ್ಕುಲಿ ತಿಂದ ಕೈಯಲ್ಲೇ ಕುಟ್ಟುತ್ತಿದ್ದ ಅನಿಸುತ್ತೆ ಅಂದುಕೊಂಡು ಬಟ್ಟೆ ತಗೊಂಡು ಒರೆಸ್ತಿದ್ದೆ. ಹೋಗ್ತಿರಲಿಲ್ಲ.

ವೈಫೈ ಡಬ್ಬಿ ಇದ್ದದ್ದು ಅಡುಗೆಮನೆಯ ಅಟ್ಟದ ಮೇಲೆ, ಹಳೇ ಹಿತ್ತಾಳೆ ಕೊಳಗಗಳ ಹಿಂದೆ. ಕೇಬಲ್ ಜವರಣ್ಣ ಹಾಕಿಕೊಟ್ಟಿದ್ದು. ಜವರಣ್ಣ ಯಾರ ಮನೆಗೆ ಹಾಕಿದರೂ ಹೆಸರು 'ಜವರ ನೆಟ್' ಅಂತಲೇ ಇಡ್ತಾನೆ, ಪಾಸ್‌ವರ್ಡ್ ಹಾಕದೆ ಹೋಗ್ತಾನೆ. ಆಮೇಲೆ ಮನೆಯವರು ಬದಲಾಯಿಸಿಕೊಳ್ಳಬೇಕು. ನಮ್ಮ ಬೀದಿಯಲ್ಲಿ ಎಲ್ಲರೂ ಬದಲಾಯಿಸಿಕೊಂಡಿದ್ದಾರೆ ಅಂತಲೇ ನನ್ನ ಲೆಕ್ಕ. ನಾವು ಬದಲಾಯಿಸಿರಲಿಲ್ಲ, ಉಣ್ಣೋಕೆ ಬಂದವರು ಪಾಪ ಎರಡು ನಿಮಿಷ ಫೋನ್ ನೋಡಲಿ ಅಂತ ಅವ್ವನ ಧಾರಾಳ. ಧಾರಾಳ ಅಂದರೆ ನನಗೆ ಮೈಯೆಲ್ಲ ಉರಿಯುತ್ತೆ.

ಶುಕ್ರವಾರ ಬೆಳಿಗ್ಗೆ ಕೂತೆ. ವೈಫೈ ಭದ್ರ ಮಾಡೋದು ಹೇಗೆ ಅಂತ ಹುಡುಕಿ ಓದಿದೆ. ಕಷ್ಟವೇನಿಲ್ಲ. ಒಂದು ನಂಬರಿನ ವಿಳಾಸ ಹೊಡೆದರೆ ಡಬ್ಬಿಯ ಒಳಗಿನ ಪುಟ ತೆರೆಯುತ್ತೆ. ಅದು ಹೆಸರು ಕೇಳುತ್ತೆ, ಪಾಸ್‌ವರ್ಡ್ ಕೇಳುತ್ತೆ. ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಕಂಪನಿಯವರು ಬೀಗ ಮಾಡಿ ಕೀಲಿಯನ್ನು ಅದಕ್ಕೇ ನೇತುಹಾಕಿ ಕಳಿಸಿದ್ದಾರೆ. ಒಳಗೆ ಹೋಗಿ, ಯಾರ್ಯಾರು ಅಂಟಿಕೊಂಡಿದ್ದಾರೆ ಅನ್ನೋದನ್ನು ತೆರೆದು ನೋಡಿದರೆ ನನಗೆ ಕಣ್ಣು ಕತ್ತಲಿಟ್ಟಿತು. ಕೆಳಗೆ ಎಳೆದಷ್ಟೂ ಬರ್ತಾನೇ ಇದ್ದವು. ಯಾವ್ಯಾವುದೋ ಫೋನು, ಒಂದು ಟ್ಯಾಬು. ಇಷ್ಟು ಜನ ನಮ್ಮವ್ವನ ಸಾರು ಕುಡಿತಿದ್ದಾರೆ. ಅವ್ವನ ಫೋನ್ ಮಾತ್ರ ಅದರಲ್ಲಿ ಕಾಣಲಿಲ್ಲ. ಹಳೇ ಫೋನು, ಇಷ್ಟು ಜನರ ಮಧ್ಯೆ ಅದಕ್ಕೂ ನಾಚಿಕೆಯಾಗಿರಬೇಕು ಅಂದುಕೊಂಡೆ.

ಓದಿದ್ದರಲ್ಲಿ ಮೊದಲು ಹೆಸರು ಬದಲಿಸಿ ಅಂತ ಇತ್ತು. ನಾನ್ಯಾಕೆ ಹೆಸರು ಬದಲಿಸಬೇಕು? ಕಳ್ಳರು ಬದಲಿಸಿಕೊಳ್ಳಲಿ. ಅದನ್ನು ಬಿಟ್ಟು ಪಾಸ್‌ವರ್ಡಿಗೆ ಹೋದೆ. ಉದ್ದ ಇರಬೇಕು, ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಬೇಕು, ಅಂಕಿ ಬೇಕು, ಚಿಹ್ನೆ ಬೇಕು, ಯಾರೂ ಊಹಿಸಬಾರದು, ನೀವು ಮರೆಯಬಾರದು. ಹೀಗಂದರೆ ನನಗೆ ನೆನಪಾಗೋದು ಒಂದೇ.

ನಮ್ಮ ಪಕ್ಕದ ಮನೆಯವರು ಪದ್ಮಾಕ್ಷಿ ಟೀಚರ್. ಗಣಿತ. ಈ ಊರಲ್ಲಿ ಲೆಕ್ಕ ಬರುವವರೆಲ್ಲ ಅವರ ಹತ್ತಿರ ಕಲಿತವರೇ, ಲೆಕ್ಕ ಬರದವನು ನಾನೊಬ್ಬ. ಒಂಬತ್ತನೇ ಕ್ಲಾಸಿನಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಏಳೆಂಟ್ಲ ಎಷ್ಟು ಅಂದರು. ಒಂಬತ್ತನೇ ಕ್ಲಾಸಿನವನಿಗೆ ಕೇಳೋ ಪ್ರಶ್ನೆಯಾ ಅದು. ನಾನು ಐವತ್ನಾಲ್ಕು ಅಂದೆ. ಕ್ಲಾಸು ನಕ್ಕಿತು. "ನಿನಗೆ ಗುಣಾಕಾರವೂ ಬರಲ್ಲ, ಗುಣವೂ ಬರಲ್ಲ, ಕೂತ್ಕೋ" ಅಂದರು. ನಾನು ಕೂರಲಿಲ್ಲ. ಕಿಟಕಿ ಹತ್ತಿರ ಇತ್ತು, ಹಾರಿ ಮನೆಗೆ ಬಂದೆ. ಮತ್ತೆ ಆ ಕಡೆ ಹೋಗಲಿಲ್ಲ. ಅವತ್ತಿನಿಂದ ಅವರು ಎದುರು ಸಿಕ್ಕರೆ ನಾನು ಆ ಕಡೆ ನೋಡ್ತೀನಿ. ಪಕ್ಕದ ಮನೆಯಾದ್ದರಿಂದ ದಿನಕ್ಕೆ ಎಷ್ಟೋ ಸಲ ಆ ಕಡೆ ನೋಡಬೇಕಾಗುತ್ತೆ, ಕತ್ತು ನೋವು.

ಹಾಗಾಗಿ ಪಾಸ್‌ವರ್ಡ್ ಹಾಕಿದೆ: GoobePadmakshi7x8=54. ದೊಡ್ಡಕ್ಷರ ಇದೆ, ಅಂಕಿ ಇದೆ, ಚಿಹ್ನೆ ಇದೆ. ಪೆಟ್ಟಿಗೆಯ ಪಕ್ಕ ಹಸಿರು ಗೆರೆ ಬಂದು 'ಬಹಳ ಬಲವಾಗಿದೆ' ಅಂತ ತೋರಿಸಿತು. ಶಾಲೆಯಲ್ಲಿ ನನ್ನ ಯಾವ ಉತ್ತರಕ್ಕೂ ಯಾರೂ ಹಾಗೆ ಹೇಳಿರಲಿಲ್ಲ. ಉಳಿಸು ಅಂತ ಒತ್ತಿದೆ. ಅಂಟಿಕೊಂಡಿದ್ದವರೆಲ್ಲ ಒಟ್ಟಿಗೆ ಮಾಯವಾದರು. ನನ್ನ ಕಂಪ್ಯೂಟರ್ ಒಂದೇ ಉಳಿಯಿತು. ಅಡ್ಮಿನ್ ಪಾಸ್‌ವರ್ಡನ್ನೂ ಅದೇ ಮಾಡಿ, ಎದ್ದು ಅಡುಗೆಮನೆಗೆ ಹೋದೆ.

"ಈಗ ನೋಡವ್ವ."

ಅವ್ವ ಸೌಟಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ನೆಕ್ಕಿ ನನ್ನ ಮುಖ ನೋಡಿದಳು.

"ಬೆಳ್ಳುಳ್ಳೀನೂ ಹೋಯ್ತಲ್ಲೋ."

ಅವತ್ತು ಮಧ್ಯಾಹ್ನ ಉಣ್ಣೋಕೆ ಬಂದವರು ಮುದ್ದೆ ಮುರಿದು ಅದ್ದಿ ನುಂಗಿ, ತಟ್ಟೆಯನ್ನು ಬಗ್ಗಿ ನೋಡಿದರು. ಒಬ್ಬ ಕಂಡಕ್ಟರ್ "ದೇವೀರಮ್ಮ, ಸಾರು ಹಾಕೋದು ಮರೆತ್ರಾ?" ಅಂದ. ಸಾರು ಅವನ ತಟ್ಟೆ ತುಂಬ ಇತ್ತು. ಶನಿವಾರದ ಹೊತ್ತಿಗೆ ಖಾರವೂ ಹೋಯಿತು. ಬಟ್ಟಲಲ್ಲಿ ಕೆಂಪಗೆ ಕೂತಿದೆ, ಬಾಯಿಗೆ ಹಾಕಿದರೆ ಒದ್ದೆ ಮಣ್ಣು. ಅವ್ವ ಮತ್ತೆ ಒಲೆ ಮುಂದೆ ಕೂತಳು. ಮೆಣಸಿನಕಾಯಿ ಹುರಿದಳು, ಮತ್ತೆ ಅರೆದಳು, ರುಚಿ ನೋಡಿದಳು, ಅದಕ್ಕೇ ಇನ್ನಷ್ಟು ಸುರಿದಳು. ನಾನು ಪಾಸ್‌ವರ್ಡನ್ನು ಮತ್ತೆ ಮತ್ತೆ ತೆರೆದು ನೋಡ್ತಿದ್ದೆ. ಬಹಳ ಬಲವಾಗಿಯೇ ಇತ್ತು. ಕಂಪ್ಯೂಟರ್ ಒಂದೇ ಅಂಟಿಕೊಂಡಿತ್ತು. ಬಾಯಲ್ಲಿ ಇಂಗು.

ಭಾನುವಾರ ಬೆಳಿಗ್ಗೆ ಅವ್ವ ಹಿತ್ತಲಲ್ಲಿ ಸೊಪ್ಪು ಬಿಡಿಸ್ತಾ ಕೂತಿದ್ದಾಗ ಗೋಡೆಯಾಚೆಯಿಂದ ಪದ್ಮಾಕ್ಷಿ ಟೀಚರ್ ತಲೆ ಬಂತು.

"ದೇವೀರಮ್ಮ, ಒಂದು ವಿಷಯ ಹೇಳ್ಬೇಕು ರೀ. ಎರಡು ದಿನದಿಂದ ನನ್ನ ಉಪ್ಪಿಟ್ಟು ಏನು ರುಚಿಯಾಗ್ತಿದೆ ಅಂತೀರಾ. ಟ್ಯೂಷನ್ ಮಕ್ಕಳಿಗೆ ಅಂತ ಮಾಡಿಟ್ರೆ ಬಾಣಲೆ ಕೆರೆದು ತಿಂತಾವೆ. ಮುಂಚೆ ಕೊಟ್ರೆ ಹೊಟ್ಟೆನೋವು ಅನ್ನೋವು."

"ಒಳ್ಳೇದಾಯ್ತು ಬಿಡಿ ಟೀಚರಮ್ಮ," ಅಂದಳು ಅವ್ವ. ನಮ್ಮವ್ವ ಯಾರ ಮನೆ ಉಪ್ಪಿಟ್ಟು ಕಂಡರೂ ಒಳ್ಳೇದಾಯ್ತು ಅನ್ನೋಳೇ.

ನನ್ನ ತಲೆಯೊಳಗೆ ಏನೋ ಚಟ್ ಅಂತು. ಎರಡು ದಿನದಿಂದ ನಮ್ಮ ಸಾರು ಹೋಗಿದೆ, ಎರಡು ದಿನದಿಂದ ಅವರ ಉಪ್ಪಿಟ್ಟು ಬಂದಿದೆ. ಈ ಲೆಕ್ಕಕ್ಕೆ ಮಗ್ಗಿ ಬೇಕಾ? ಅವ್ವ ಕೂಗೋದರೊಳಗೆ ನಾನು ಅವರ ಮನೆ ಬಾಗಿಲಲ್ಲಿದ್ದೆ.

ಹಜಾರದ ತುಂಬ ಟ್ಯೂಷನ್ ಮಕ್ಕಳು ಚಾಪೆ ಮೇಲೆ ಕೂತಿದ್ದವು. ಎಲ್ಲರ ಕೈಯಲ್ಲೂ ಫೋನು, ಎಲ್ಲರ ತಲೆಯೂ ಬಗ್ಗಿತ್ತು. ಹತ್ತನೇ ಕ್ಲಾಸಿಗೆ ಯಾವುದೋ ಪೂರ್ವಸಿದ್ಧತೆ ಪರೀಕ್ಷೆ, ಆನ್‌ಲೈನಿನಲ್ಲಿ ನಡೀತಿತ್ತು. ಅಲ್ಲೊಬ್ಬಳು ಬಾಯಿ ಚಪ್ಪರಿಸಿದಳು. ಇನ್ನೊಬ್ಬ ಉಸ್ ಉಸ್ ಅಂತ ನಾಲಿಗೆ ಹೊರಗೆ ಹಾಕಿ ಗಾಳಿ ಹಾಕಿಕೊಳ್ತಿದ್ದ. ಅದು ನಮ್ಮವ್ವನ ಖಾರ. ನನಗೆ ನೋಡಿದರೇ ಗೊತ್ತಾಗುತ್ತೆ.

"ಏನೋ ಮರಿದೇವ, ಬಾಗಿಲಿಂದ ಬಂದಿದೀಯ," ಅಂದರು ಟೀಚರ್. "ನೀನು ಕಿಟಕಿ ಗಿರಾಕಿ ಅಲ್ವಾ."

"ನಿಮ್ಮ ಫೋನ್ ತೋರಿಸಿ."

"ಯಾಕಪ್ಪ?"

"ಕಳ್ಳತನ ಆಗಿದೆ."

ಮಕ್ಕಳ ತಲೆಗಳೆಲ್ಲ ಎದ್ದವು. ಟೀಚರ್ ಕನ್ನಡಕ ಸರಿ ಮಾಡಿಕೊಂಡು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಮೇಲೆ ಎದ್ದು ಕಾಣ್ತಿತ್ತು: ಜವರ ನೆಟ್.

"ನೋಡಿದ್ರಾ. ಇದು ನಮ್ಮನೇದು."

"ನಮ್ಮನೇದೂ ಜವರ ನೆಟ್ಟೇ ಕಣೋ. ಹಾಕಿಕೊಟ್ಟವನು ಅವನೇ. ಹೆಸರು ಬದಲಿಸಿಕೊಡು ಅಂದ್ರೆ ಬರ್ತೀನಿ ಬರ್ತೀನಿ ಅಂತಾನೆ, ಬಂದಿಲ್ಲ."

"ಸುಮ್ನೆ ಹೇಳಬೇಡಿ. ನಮ್ಮ ಸಾರೆಲ್ಲ ಕುಡಿದು ಉಪ್ಪಿಟ್ಟು ಅಂತೀರಿ."

"ಅನುಮಾನ ಇದ್ರೆ ಪರೀಕ್ಷೆ ಮಾಡು. ಸುಮ್ನೆ ಯಾಕೆ ಮಕ್ಕಳ ಮುಂದೆ ಕೂಗಾಡ್ತೀಯ?"

ಮಾಡೋಣ ಅಂತಲೇ ನಾನೂ ಬಂದಿದ್ದು. ಕಿಟಕಿಗೆ ಹೋಗಿ ನಮ್ಮ ಮನೆ ಕಡೆ ಕೂಗಿದೆ. "ಅವ್ವಾ, ಅಟ್ಟ ಹತ್ತಿ ವೈಫೈ ಪ್ಲಗ್ ಕೀಳು. ನಾನು ಹೇಳೋವರೆಗೂ ಹಾಕಬೇಡ." ಕೊಳಗಗಳು ಉರುಳಿದ ಸದ್ದಾಯಿತು. ಅವ್ವ ಏನೋ ಬೈದುಕೊಂಡದ್ದು ಕೇಳಿಸಿತು. ಅಷ್ಟರಲ್ಲಿ ಹಜಾರದಲ್ಲಿ ಅಯ್ಯೋ ಅನ್ನೋ ಸದ್ದು ಚಾಪೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಎಲ್ಲರ ಪರೀಕ್ಷೆಯೂ ಪ್ರಶ್ನೆಯ ಮಧ್ಯದಲ್ಲಿ ಸುತ್ತುತ್ತಾ ನಿಂತಿತ್ತು.

"ಮಿಸ್, ಹೋಯ್ತು."

"ಮಿಸ್, ನಂದೂ."

ನಾನು ಎದೆ ಉಬ್ಬಿಸಿ ಟೀಚರ್ ಕಡೆ ತಿರುಗಿದೆ. ಎಷ್ಟು ವರ್ಷದಿಂದ ಕಾಯ್ತಿದ್ದ ನಿಮಿಷ ಅದು. "ಈಗೇನಂತೀರಾ? ನಮ್ಮ ಪ್ಲಗ್ ಕಿತ್ರೆ ನಿಮ್ಮನೆ ಫೋನ್ ಯಾಕೆ ಸಾಯ್ತು? ಇಡೀ ಕ್ಲಾಸು ಕಳ್ಳರು. ಟೀಚರ್ ದೊಡ್ಡ..."

ಮಾತು ಮುಗಿದಿರಲಿಲ್ಲ, ಗೋಡೆಯಾಚೆಯಿಂದ ಅವ್ವನ ದನಿ ಬಂತು.

"ಮರೀ, ನಿನ್ನ ಕ್ರಿಕೆಟ್ ಇನ್ನೂ ಓಡ್ತಾನೇ ಇದೆ ಕಣೋ."

"ಏನು?"

"ಪ್ಲಗ್ ಕಿತ್ತು ಕೈಯಲ್ಲೇ ಹಿಡ್ಕೊಂಡಿದೀನಿ. ನಿನ್ನ ಕಂಪ್ಯೂಟರಲ್ಲಿ ಯಾರೋ ಬೌಂಡರಿ ಹೊಡೆದ." ಕುರ್ಚಿ ಎಳೆದ ಸದ್ದಾಯಿತು. ಆಮೇಲೆ, "ಥೂ, ಇದರ ಮುಂದೆ ಕೂತ್ರೆ ಬಾಯೆಲ್ಲ ಇಂಗು. ನಮ್ಮನೇಲಿ ಇಂಗು ಎಲ್ಲಿಂದ ಬಂತೋ?"

ಟೀಚರ್ ನಿಧಾನಕ್ಕೆ ಅಡುಗೆಮನೆ ಕಡೆ ನೋಡಿದರು. ಅಲ್ಲಿ ಒಲೆಯ ಮೇಲೆ ತೊವ್ವೆ ಕುದೀತಿತ್ತು, ಅದರ ಇಂಗಿನ ಘಮ ಬಾಗಿಲವರೆಗೂ ಬರ್ತಿತ್ತು. ಅವರ ವೈಫೈ ಡಬ್ಬಿ ಕಿಟಕಿಯ ಪಕ್ಕದ ಗೂಡಿನಲ್ಲಿತ್ತು, ಹಸಿರು ದೀಪ ಮಿಣುಕಿಸ್ತಾ. ಆ ಗೂಡಿನ ಹಿಂದಿನ ಗೋಡೆ ದಾಟಿದರೆ ನನ್ನ ಕಂಪ್ಯೂಟರ್. ನಮ್ಮ ಡಬ್ಬಿ ಎಲ್ಲೋ ಅಟ್ಟದ ಮೇಲೆ, ಕೊಳಗದ ಹಿಂದೆ. ಎರಡಕ್ಕೂ ಒಂದೇ ಹೆಸರು. ಕಂಪ್ಯೂಟರಿಗೆ ಯಾವುದು ಹತ್ತಿರವೋ ಅದನ್ನು ಹಿಡಿದು ಕೂತಿದೆ, ತಂದ ದಿನದಿಂದ.

"ಹಾಗಾದ್ರೆ ನಮ್ಮನೇದು ನಿನ್ನ ಹತ್ರ ಇದೆ," ಅಂದರು ಟೀಚರ್.

ನಾನು ಭದ್ರ ಮಾಡಿದ್ದು ಅವರ ಮನೆಯನ್ನು. ಅವರದಕ್ಕೆ ಬೀಗ ಹಾಕಿ, ಅವರನ್ನೂ ಅವರ ಮಕ್ಕಳನ್ನೂ ಹೊರಗೆ ತಳ್ಳಿದ್ದೆ. ಆ ಫೋನುಗಳು ಪಾಪ, ಅದೇ ಹೆಸರಿನ, ಬೀಗ ಇಲ್ಲದ ಇನ್ನೊಂದು ಮನೆ ಸಿಕ್ಕಿತು ಅಂತ ನಮ್ಮಲ್ಲಿಗೆ ಬಂದು ಸಾಲಾಗಿ ಕೂತಿದ್ದವು. ಅವ್ವನ ಸಾರಿಗೆ ಇಡೀ ಹತ್ತನೇ ಕ್ಲಾಸನ್ನು ಕರೆತಂದು ಕೂರಿಸಿದವನು ನಾನೇ. ಸಿಟ್ಟು ಎಲ್ಲಿಗೆ ಹಾಕಬೇಕು ಅಂತ ತಿಳೀದೆ ಜವರಣ್ಣನ ಮೇಲೆ ಹಾಕಿದೆ. ಸದ್ಯಕ್ಕೆ ಅಲ್ಲಿಟ್ಟಿರೋಣ ಅಂತ.

"ಪಾಸ್‌ವರ್ಡ್ ಹಾಕಿದೀಯಾ?" ಅಂದರು ಟೀಚರ್.

"ಹೂಂ."

"ಹೇಳು. ಮಕ್ಕಳ ಪರೀಕ್ಷೆ ನಿಂತಿದೆ."

"ಬೇಡ. ಒಂದು ಪಿನ್ ಕೊಡಿ, ಡಬ್ಬಿ ಹಿಂದೆ ತೂತಿದೆ, ಚುಚ್ಚಿದ್ರೆ ಎಲ್ಲ ಮೊದಲಿನ ಹಾಗಾಗುತ್ತೆ."

"ಚುಚ್ಚಿದ್ರೆ ಮತ್ತೆ ಜವರಣ್ಣ ಬಂದು ಜೋಡಿಸಬೇಕು ಅಲ್ವಾ? ಅವನು ಯಾವ ಹಬ್ಬಕ್ಕೆ ಬರ್ತಾನೆ?"

ಅಷ್ಟರಲ್ಲಿ ಅವ್ವ ಗೋಡೆಯ ಆಚೆಯಿಂದ, "ಮರೀ, ಸಾಹೇಬರು ಡಿಪೋ ಬಿಟ್ರಂತೆ. ಸಾರು ಇನ್ನೂ ನೀರು ಕಣೋ. ಏನು ಮಾಡ್ತೀಯೋ ಬೇಗ ಮಾಡು" ಅಂದಳು. ದನಿ ಸಣ್ಣಗಿತ್ತು. ಅವ್ವನ ದನಿ ಹಾಗಾಗಿದ್ದನ್ನು ನಾನು ಬಹಳ ಸಲ ಕೇಳಿಲ್ಲ.

ಟೀಚರ್ ಫೋನನ್ನು ಹಿಡಿದು ಕಾಯ್ತಿದ್ದರು. ಮಕ್ಕಳೂ ಬೆರಳು ಎತ್ತಿಕೊಂಡು ಕಾಯ್ತಿದ್ದವು. ಕಿಟಕಿ ಹತ್ತಿರವೇ ಇತ್ತು. ಒಂದು ಸಲ ಅದರ ಕಡೆ ನೋಡಿದೆ ಕೂಡ. ಅವರೂ ನೋಡಿದರು.

"ದೊಡ್ಡಕ್ಷರ ಜಿ," ಅಂದೆ. "ಓ, ಓ, ಬಿ, ಈ."

ಟೀಚರ್ ಒತ್ತಿದರು. ಮಕ್ಕಳೂ ಒತ್ತಿದವು. ಹಿಂದೆ ಯಾರೋ ಜೋಡಿಸಿ ಓದಿದ, "ಗೂಬೆ." ಒಬ್ಬಳು ಕಿಸಕ್ ಅಂದಳು.

"ಮುಂದೆ," ಅಂದರು ಟೀಚರ್, ತಲೆ ಎತ್ತದೆ.

"ನಿಮ್ಮ ಹೆಸರು."

"ಜಾಗ ಬಿಡ್ಬೇಕಾ?"

"ಬೇಡ. ಸೇರಿಸಿ. ಪಿ ದೊಡ್ಡದು."

ಇಡೀ ಹಜಾರ ಉಸಿರು ಹಿಡಿದುಕೊಂಡು ಅವರ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಿತು. ನನ್ನ ಕಿವಿ ಒಲೆಯ ಹಾಗೆ ಕಾದಿತ್ತು. "ಆಮೇಲೆ ಏಳು. ಎಕ್ಸು, ಚಿಕ್ಕದು. ಎಂಟು. ಸಮ ಚಿಹ್ನೆ."

ಟೀಚರ್ ಬೆರಳು ನಿಂತಿತು. "ಐದು ಆರು?"

"ಐದು ನಾಲ್ಕು."

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಏನಾದರೂ ಅಂದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಅನ್ನಲಿಲ್ಲ. ಐದು ಒತ್ತಿದರು, ನಾಲ್ಕು ಒತ್ತಿದರು. ಫೋನು ಟಿಂಗ್ ಅಂತು. "ಬಂತು. ಎಲ್ಲರೂ ಹಾಕ್ಕೊಳ್ಳಿ. ಕೊನೇಲಿ ಐದು ನಾಲ್ಕು, ಕೇಳಿಸ್ತಾ? ನಿಮ್ಮ ಬುದ್ಧಿ ಉಪಯೋಗಿಸಬೇಡಿ."

ಅವ್ವನಿಗೆ ಪ್ಲಗ್ ಹಾಕು ಅಂತ ಕೂಗಿದೆ. ಚಾಪೆಯ ಮೇಲೆ ಒಂದೊಂದೇ ಫೋನು ಟಿಂಗ್ ಅನ್ನತೊಡಗಿತು. ಪ್ರತಿ ಟಿಂಗಿಗೂ ಗೋಡೆಯಾಚೆಯಿಂದ ಅವ್ವ ಸೌಟು ಹಿಡಿದು ವರದಿ ಕೊಡ್ತಿದ್ದಳು. "ಉಪ್ಪು ಬಂತು... ಇನ್ನೂ ಸ್ವಲ್ಪ... ಹಾಂ, ಬೆಳ್ಳುಳ್ಳಿ... ಜೀರಿಗೆ ಇನ್ನೂ ಇಲ್ಲ." ಉಸ್ ಉಸ್ ಅನ್ನುತ್ತಿದ್ದ ಹುಡುಗ ಎರಡು ಸಲ ತಪ್ಪು ಒತ್ತಿ ಮೂರನೇ ಸಲಕ್ಕೆ ಸರಿ ಒತ್ತಿದ. "ಖಾರ ಬಂತು ಕಣೋ," ಅಂದಳು ಅವ್ವ. ಅಂದು ಕೆಮ್ಮಿದಳು. ಎರಡು ದಿನ ಎಲ್ಲ ಮೆಣಸಿನಕಾಯಿಯನ್ನೂ ಅದಕ್ಕೇ ಸುರಿದಿದ್ದಳಲ್ಲ.

ಮನೆಗೆ ಓಡಿ ಬಂದೆ. ಈ ಸಲ ಕಂಪ್ಯೂಟರನ್ನು ನಂಬಲಿಲ್ಲ. ಅವ್ವನ ಫೋನ್ ತಗೊಂಡು ಅಟ್ಟದ ಕೆಳಗೇ ನಿಂತು, ನಮ್ಮದೇ ಡಬ್ಬಿಯ ಪುಟ ತೆರೆದು, ಮೊದಲು ಹೆಸರು ಬದಲಿಸಿದೆ. ಏನಿಡಲಿ ಅಂದರೆ ಅವ್ವ 'ಮುದ್ದೆ ಮನೆ' ಅಂತಿಡು ಅಂದಳು. ಪಾಸ್‌ವರ್ಡ್ ಕೇಳುವ ಜಾಗ ಬಂದಾಗ ಫೋನ್ ಕಿತ್ತುಕೊಂಡಳು.

"ಕೊಡು ಇಲ್ಲಿ. ನೀನು ಹಾಕಿದ ಚೆಂದ ಗೋಡೆಯಾಚೆಯಿಂದ ಕೇಳಿಸ್ಕೊಂಡೆ." ಬೆನ್ನು ತಿರುಗಿಸಿ ನಿಂತು ಒಂದೊಂದೇ ಬೆರಳಲ್ಲಿ ಏನೋ ಒತ್ತಿದಳು. ಏನು ಅಂತ ಇವತ್ತಿಗೂ ಹೇಳಿಲ್ಲ. ಬಾಗಿಲ ಹತ್ತಿರ ಸರದಿಗೆ ಕಾಯ್ತಿದ್ದವರು ಬಾಯಿ ಚಪ್ಪರಿಸೋದು ನಿಲ್ಲಿಸಿ, ಬೇರೆ ಮನೆಯದಕ್ಕೆ ಅಂಟಿಕೊಳ್ಳೋಕೆ ಫೋನನ್ನು ಕುಟ್ಟತೊಡಗಿದರು.

ಫಕ್ರುದ್ದೀನ್ ಸಾಹೇಬರು ಬಂದು ಕೂತರು. ದೊಡ್ಡ ಆಳು, ಕೆಳಗೆ ಕೂತರೆ ಚಾಪೆ ಕಾಣಲ್ಲ. ಅವ್ವ ಮುದ್ದೆ ಇಟ್ಟು, ಸಾರು ಬಿಟ್ಟು, ಖಾರದ ಬಟ್ಟಲು ಪಕ್ಕಕ್ಕೆ ಇಟ್ಟು, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸಾ‌ಹೇಬರು ಖಾರ ನಂಜಿಕೊಂಡು, ಮೊದಲ ತುತ್ತು ನುಂಗಿ, ಕಣ್ಣು ಮುಚ್ಚಿದರು. ಕಣ್ಣಲ್ಲಿ ನೀರು ಬಂತು. ಕರವಸ್ತ್ರ ತೆಗೆದು ತಲೆ ಒರೆಸಿಕೊಂಡರು, ಕತ್ತು ಒರೆಸಿಕೊಂಡರು. ನನಗೆ ಆಯಿತು ನಮ್ಮ ಕತೆ ಅನಿಸಿತು.

"ಇದನ್ನ ತಿಂದ ಡ್ರೈವರು ನಿದ್ದೆ ಮಾಡಲ್ಲ," ಅಂದರು ಸಾಹೇಬರು, ಇನ್ನೂ ಕಣ್ಣು ಮುಚ್ಚಿಕೊಂಡೇ. "ಇನ್ನೊಂದು ಸೌಟು ಬಿಡಿ ತಾಯಿ."

ಎರಡನೇ ಮುದ್ದೆ ಮುಗಿಸಿ, ಕೈ ತೊಳೆಯುವ ಮುಂಚೆಯೇ ಎಡಗೈಯಲ್ಲಿ ಜೇಬು ತಡಕಿ, ಪೊಟ್ಟಣವನ್ನು ತಟ್ಟೆಯ ಪಕ್ಕ ಇಟ್ಟರು. ಅವ್ವ ಅದನ್ನು ತಕ್ಷಣ ಎತ್ತಿಕೊಳ್ಳಲಿಲ್ಲ. ಒಳಗೆ ಹೋಗಿ ಸ್ವಲ್ಪ ಹೊತ್ತು ಒಲೆ ಮುಂದೆ ಕೂತಳು. ಕಣ್ಣು ಒರೆಸಿಕೊಂಡು, ಹೊಗೆ ಅಂದಳು. ಒಲೆ ಆರಿಹೋಗಿತ್ತು.

ಸಾಯಂಕಾಲ ಅವ್ವ ಅದೇ ಪೊಟ್ಟಣ ಬಿಚ್ಚಿ, ಒಂದು ಹಿಡಿ ಉಪ್ಪು ತೆಗೆದು ಪೇಪರಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು.

"ಟೀಚರಮ್ಮನ ಮನೆಗೆ."

"ನಾನ್ಯಾಕೆ?"

"ಇಷ್ಟು ದಿನ ಅವರ ಮನೆ ಇಂಗು ತಿಂದಿದೀಯಲ್ಲ. ಪಾಪ, ಆಯಮ್ಮ ಸಪ್ಪೆ ತೊವ್ವೆ ಉಣ್ಕೊಂಡು ಸುಮ್ನಿದ್ರು. ಬೆಳಿಗ್ಗೆ ಕಳ್ಳರು ಅಂತ ಬೇರೆ ಕೂಗಿದೀಯ. ಹೋಗು."

ಹೋದೆ. ಬೀದಿಯುದ್ದಕ್ಕೂ ಜನ ನನ್ನ ಕೈಯ ಪೊಟ್ಟಣ ನೋಡ್ತಿದ್ದ ಹಾಗೆ ಅನಿಸಿತು. ಬೀದಿಯುದ್ದ ಅಂದರೆ ಎರಡು ಬಾಗಿಲ ಅಂತರ. ಟೀಚರ್ ಜಗಲಿ ಮೇಲೆ ಕೂತು ಉತ್ತರಗಳನ್ನು ತಿದ್ದುತ್ತಿದ್ದರು. ನಾನು ಪೊಟ್ಟಣ ಮುಂದೆ ಹಿಡಿದೆ. ಅವರು ಅದನ್ನೂ ನನ್ನನ್ನೂ ನೋಡಿದರು. 'ನಮ್ಮನೇಲಿ ಉಪ್ಪಿದೆ' ಅನ್ನಲಿ ಅಂತ ನಾನು ಒಳಗೊಳಗೇ ಕಾಯ್ತಿದ್ದೆ, ಅಂದರೆ ಅಲ್ಲೇ ಎಸೆದು ಬರಬಹುದು. ಅನ್ನಲಿಲ್ಲ. ತೆಗೆದುಕೊಂಡು ಒಳಗೆ ಹೋಗಿ ಭರಣಿಗೆ ಹಾಕಿದ ಸದ್ದು ಕೇಳಿಸಿತು. ಬರುವಾಗ ತಟ್ಟೆಯಲ್ಲಿ ಉಪ್ಪಿಟ್ಟು ತಂದರು.

"ಪಾಸ್‌ವರ್ಡ್ ಬದಲಾಯಿಸಿ ಕೊಡ್ತೀನಿ," ಅಂದೆ. "ಏನು ಬೇಕು ಹೇಳಿ."

"ಗೂಬೆ ತೆಗಿ. ಮಕ್ಕಳು ಈಗಲೇ ಬೀದಿಯಲ್ಲಿ ಹಾಡ್ತಿದಾರೆ."

"ಐವತ್ತಾರು ಮಾಡ್ತೀನಿ."

"ಬೇಡ. ಅದು ಹಾಗೇ ಇರಲಿ. ಸರಿ ಉತ್ತರ ಹಾಕಿದ್ರೆ ನನ್ನ ಹತ್ರ ಓದಿದ ಈ ಊರೆಲ್ಲ ಒಂದೇ ಸಲಕ್ಕೆ ಕಂಡುಹಿಡಿಯುತ್ತೆ. ಐವತ್ನಾಲ್ಕು ಹಾಕೋ ಧೈರ್ಯ ಒಬ್ಬನಿಗೂ ಇಲ್ಲ."

"ನನಗೆ ಗೊತ್ತಲ್ಲ."

"ನೀನು ಉಪ್ಪು ತಂದಿದೀಯಲ್ಲ," ಅಂದರು, ಮತ್ತೆ ಪೆನ್ನು ಎತ್ತಿಕೊಂಡು.

ಏಳೆಂಟ್ಲ ಐವತ್ತಾರು ಅಂತ ನನಗೆ ಅವತ್ತೂ ಗೊತ್ತಿತ್ತು. ಎದ್ದು ನಿಂತಾಗ ಬಾಯಿಗೆ ಬೇರೆ ಬಂತು. ಇನ್ನೊಂದು ಸಲ ಕೇಳಿದ್ದರೆ ಸರಿಯಾಗಿ ಹೇಳ್ತಿದ್ದೆ. ಇದನ್ನು ಹೇಳೋಣ ಅಂತ ಬಾಯಿ ತೆರೆದೆ. ಬಾಯಿ ತುಂಬ ಉಪ್ಪಿಟ್ಟಿತ್ತು. ಚೆನ್ನಾಗಿತ್ತಾ ಅಂದರೆ, ಬೆಳಿಗ್ಗೆ ಹೊಗಳಿಕೊಂಡಷ್ಟಿರಲಿಲ್ಲ, ಉಪ್ಪು ಕಮ್ಮಿ. ಟ್ಯೂಷನ್ ಮಕ್ಕಳೆಲ್ಲ ಆಗಲೇ ಮನೆಗೆ ಹೋಗಿಯಾಗಿತ್ತು. ಹಾಗಾದರೆ ಇನ್ನೂ ಅಂಟಿಕೊಂಡಿರೋದು ಯಾರು ಅಂತ ಒಂದು ಕ್ಷಣ ಸಿಟ್ಟೇ ಬಂತು. ಆಮೇಲೆ ತಟ್ಟೆ ಇಟ್ಟು ಎದ್ದೆ.

ಮನೆಗೆ ಬಂದು ಅಡುಗೆಮನೆಯ ಭರಣಿಗೆ ಕೈ ಹಾಕಿ ಒಂದು ಹಿಡಿ ಉಪ್ಪು ತೆಗೆದು ಅವ್ವನ ಮುಂದೆ ಹಿಡಿದೆ.

"ಇದೇನೋ?"

"ಪಾಸ್‌ವರ್ಡ್."

"ನನ್ನ ಭರಣಿದನ್ನೇ ನನಗೆ ಕೊಡ್ತೀಯಾ," ಅಂತ ನಗ್ತಾ ಅವ್ವ ಅದನ್ನು ಮತ್ತೆ ಭರಣಿಗೇ ಹಾಕಿಸಿದಳು. ಕಂಪ್ಯೂಟರ್ ಮುಂದೆ ಬಂದು, "ಆ ಕಡೆ ನೋಡು" ಅಂದಳು. ಆ ಕಡೆ ನೋಡೋದು ನನಗೆ ಅಭ್ಯಾಸವಿದೆ. ಅಳಿಸಿಹೋದ ಕೀಲಿಗಳನ್ನು ತಡಕಿ ತಡಕಿ ಒತ್ತಿದಳು. ಜವರ ನೆಟ್ ಹೋಗಿ ಮುದ್ದೆ ಮನೆ ಬಂತು. ಇಷ್ಟು ದಿನ ಬಟ್ಟೆಯಲ್ಲಿ ಒರೆಸಿದರೂ ಹೋಗದಿದ್ದ ಇಂಗು ನನ್ನ ನಾಲಿಗೆಯಿಂದ ಇಳಿದುಹೋಯಿತು.

ಗೋಡೆಯಾಚೆ ತಟ್ಟೆಗೆ ಚಮಚ ತಾಗಿದ ಸದ್ದಾಯಿತು. ಸ್ವಲ್ಪ ಹೊತ್ತಾದ ಮೇಲೆ ಟೀಚರ್ ದನಿ.

"ಸರಿಯಾಯ್ತು ಕಣೋ ಮರಿದೇವ."

ನಾನು ಕ್ರಿಕೆಟ್ಟಿನ ಸದ್ದು ಜೋರು ಮಾಡಿದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.